ಗುರುವಾರ ಬರೆಯುವ ಹೆಂಗಸರು

ಏಳನೆಯ ರೊಟ್ಟಿ ಎಣ್ಣೆಗೆ ಬಿದ್ದ ಗಳಿಗೆಯಲ್ಲೇ ಮೇಜಿನ ಮೇಲಿದ್ದ ಫೋನ್ ಗುಂಯ್ ಎಂದಿತು.

ಬುರುಲ್ಕನ್ ಸೌಟು ಹಿಡಿದ ಕೈಯನ್ನು ಹಾಗೆಯೇ ಬಾಣಲೆಯ ಮೇಲೆ ನಿಲ್ಲಿಸಿದಳು. ಫೋನಿನ ಕಡೆ ತಿರುಗಲಿಲ್ಲ.

"ನೀನೇ ನೋಡು ತಂಗೀ," ಅಂದಳು. "ನನ್ನ ಕೈಲಾಗಲ್ಲ."

ಗುರುವಾರ ಮಧ್ಯಾಹ್ನ ಹಿಮಬೆಟ್ಟಗಳ ಪಟ್ಟಣವಾದ ಕರಕೋಲ್‌ನ ಎಷ್ಟೋ ಅಡುಗೆಮನೆಗಳಲ್ಲಿ ಎಣ್ಣೆ ಕಾಯುತ್ತಿರುತ್ತದೆ. ಸತ್ತವರಿಗೆ ವಾಸನೆ ಮುಟ್ಟಲಿ ಎಂದು ಏಳು ರೊಟ್ಟಿ ಕರಿದು, ಪ್ರಾರ್ಥನೆ ಓದಿ, ನೆರೆಹೊರೆಗೆ ಹಂಚುವ ದಿನ ಅದು. ವಾಸನೆ ಮುಟ್ಟಿದರೆ ಅವರು ತೃಪ್ತರಾಗಿ ತಮ್ಮ ಪಾಡಿಗೆ ತಾವು ಇರುತ್ತಾರೆ. ಬುರುಲ್ಕನ್ ಮನೆಯ ಪಾಲಿಗೆ ಬಂದ ಸತ್ತವರು ಮಾತ್ರ ವಾಸನೆಗೆ ಸುಮ್ಮನಾಗುವವರಲ್ಲ. ಅವರು ನೆಟ್‌ಗೆ ಬಂದು, ಅವಳ ಐದು ಕೋಣೆಯ ಅತಿಥಿಗೃಹಕ್ಕೆ ಐದು ನಕ್ಷತ್ರ ಕೊಟ್ಟು, ನಾಲ್ಕು ಸಾಲು ಹೊಗಳಿ ಹೋಗುತ್ತಿದ್ದರು. ಕಳೆದ ನಾಲ್ಕು ಗುರುವಾರಗಳಲ್ಲಿ ಹನ್ನೊಂದು ಮಂದಿ ಹೀಗೆ ಬಂದು ಹೋಗಿದ್ದರು.

ನುರ್ಝಾತ್ ಫೋನ್ ಎತ್ತಿಕೊಂಡಳು. ಅವಳನ್ನು ಕರೆಸಿದ್ದೇ ಅದಕ್ಕೆ. ಪೊಲೀಸ್ ಠಾಣೆಯ ದಾಖಲೆ ಕೋಣೆಯಲ್ಲಿ ಒಂಬತ್ತು ವರ್ಷ ಧೂಳು ಕುಡಿದು ಹೊರಬಂದವಳು ಅವಳು. ಊರಿನ ಸಣ್ಣಪುಟ್ಟ ಅಂಗಡಿಗಳು ನೆಟ್‌ನಲ್ಲಿ ಹುಡುಕಿದರೆ ಕಾಣುವ ಹಾಗೆ ಮಾಡಿಕೊಡುವುದು ಈಗ ಅವಳ ಕಸುಬು. ಕಳೆದುಹೋದದ್ದನ್ನು ಪತ್ತೆ ಹಚ್ಚುವುದು ಕಸುಬಲ್ಲ, ಚಟ.

ಹೊಸ ಅಭಿಪ್ರಾಯ ಹನ್ನೆರಡನೆಯದು. ಇದಕ್ಕೆ ಇದ್ದದ್ದು ಐದು ನಕ್ಷತ್ರವಲ್ಲ, ಒಂದೇ ಒಂದು. ಹೊಗಳಿಕೆಯೂ ಇರಲಿಲ್ಲ. ಎರಡೇ ಮಾತು.

'ಬಾಗಿಲು ತಟ್ಟಿದೆ. ತೆಗೆಯಲಿಲ್ಲ.'

ಕೆಳಗೆ ಬರೆದವರ ಹೆಸರು, ಪಕ್ಕದಲ್ಲಿ ಉಗುರಿನಷ್ಟು ಫೋಟೋ. ಬಿಳಿ ಉಣ್ಣೆ ಟೋಪಿ, ಎಡಗಲ್ಲದ ಮೇಲೆ ಮಚ್ಚೆ. ಅನಾರ್ಕುಲ್ ಸದೀರೋವಾ.

ನುರ್ಝಾತ್‌ಳ ಒಡಹುಟ್ಟಿದ ಅಕ್ಕ.

ಮೊದಲು ಅವಳಿಗಾದದ್ದು ಭಯವಲ್ಲ, ಸಂತೋಷ. ಅಕ್ಕ ಏನೋ ಹೇಳಿ ಕಳಿಸಿದ್ದಾಳೆ ಎಂದು ಮನಸ್ಸು ಒಂದು ಕ್ಷಣ ಕುಣಿದುಬಿಟ್ಟಿತು. ಆಮೇಲೆ ಬುದ್ಧಿ ಬಂದು, ತನ್ನ ಬಗ್ಗೆ ತನಗೇ ನಾಚಿಕೆಯಾಯಿತು, ಅದರ ಹಿಂದೆಯೇ ಭಯ ಬಂತು.

"ಯಾರಂತೆ?" ಬುರುಲ್ಕನ್ ಇನ್ನೂ ಬಾಣಲೆಯನ್ನೇ ನೋಡುತ್ತಿದ್ದಳು.

ನುರ್ಝಾತ್ ಹೆಸರು ಹೇಳಿದಳು. ಬರೆದದ್ದನ್ನೂ ಓದಿದಳು. ಬುರುಲ್ಕನ್ ಸೌಟನ್ನು ಎಣ್ಣೆಗೆ ಇಳಿಸಲೇ ಇಲ್ಲ. ರೊಟ್ಟಿ ಕಂದಾಯಿತು, ಕಪ್ಪಾಯಿತು, ಅಡುಗೆಮನೆಯಲ್ಲಿ ಹೊಗೆ ಎದ್ದಿತು. ಕೊನೆಗೆ ನುರ್ಝಾತ್‌ಳೇ ಕೈ ಚಾಚಿ ಒಲೆ ಆರಿಸಿದಳು.

"ನಂಗೆ ಆ ಹೆಸರಿನವರು ಯಾರೂ ಗೊತ್ತಿಲ್ಲ," ಅಂದಳು ಬುರುಲ್ಕನ್. "ಮಿಕ್ಕಿದ್ದು ಹಾಳಾಗ್ಲಿ. ಇದನ್ನ ಮೊದಲು ಅಳಿಸು."

ಅಳಿಸುವುದು ತನ್ನ ಕೈಲಿಲ್ಲ, ಬರೆದವರೇ ಅಳಿಸಬೇಕು, ಇಲ್ಲವೇ ದೂರು ಕೊಟ್ಟು ಕಾಯಬೇಕು ಎಂದು ನುರ್ಝಾತ್ ಹೇಳಿದಳು. ಬರೆದವಳು ತನ್ನ ಅಕ್ಕ ಎಂದು ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಅವಳಿಗೂ ಗೊತ್ತಾಗಲಿಲ್ಲ.

ಅನಾರ್ಕುಲ್ ನರ್ಸ್. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತಿದ್ದಳು. ಹದಿನಾಲ್ಕು ತಿಂಗಳ ಹಿಂದೆ, ಜನವರಿಯ ಒಂದು ಮಧ್ಯಾಹ್ನ, ಹಿಮಗಾಳಿಯಲ್ಲಿ ಹೊರಟವಳು ಮರಳಲಿಲ್ಲ. ಮರುದಿನ ನದಿಯ ದಂಡೆಯಲ್ಲಿ ಸಿಕ್ಕಳು, ಮರಗಟ್ಟಿ. ದಾರಿ ತಪ್ಪಿದಳು, ಜಾರಿ ಬಿದ್ದಳು, ಚಳಿಗೆ ಸತ್ತಳು ಎಂದು ಬರೆದು ಪೊಲೀಸರು ಕಡತ ಮುಚ್ಚಿದರು. ಫೋನ್ ಸಿಗಲೇ ಇಲ್ಲ. ಕಣ್ಣು ಕಟ್ಟಿ ಬಿಟ್ಟರೂ ಈ ಊರಿನಲ್ಲಿ ಮನೆ ಸೇರಬಲ್ಲ ಹೆಂಗಸು ದಾರಿ ಹೇಗೆ ತಪ್ಪಿದಳು? ನುರ್ಝಾತ್‌ಳಿಗೆ ಬೇಕಾಗಿದ್ದುದು ಇದೊಂದೇ ಪ್ರಶ್ನೆಗೆ ಉತ್ತರ. ಅದಿಲ್ಲದೆ ಅವಳು ಹದಿನಾಲ್ಕು ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಬುರುಲ್ಕನ್ ಮನೆಯ ಹಿತ್ತಿಲಿನಿಂದ ಆ ದಂಡೆ ಕಾಣುತ್ತದೆ. ಇನ್ನೂ ಮೂವತ್ತು ಮನೆಗಳ ಹಿತ್ತಿಲಿನಿಂದಲೂ ಕಾಣುತ್ತದೆ.

*

ಇಷ್ಟಕ್ಕೆಲ್ಲ ಮೂಲ ಬುರುಲ್ಕನ್‌ಳ ಅವಸರ.

ಕಳೆದ ವರ್ಷ ಸೇಬು ಕೀಳುವ ಕಾಲದಲ್ಲಿ ಅವಳು ನುರ್ಝಾತ್‌ಳ ಹತ್ತಿರ ಬಂದಿದ್ದಳು. ಕರಕೋಲ್‌ನಲ್ಲಿ ಉಳಿಯಲು ಮನೆ ಎಂದು ಯಾರೇ ಹುಡುಕಲಿ, ತನ್ನದೇ ಮೊದಲು ಬರಬೇಕು, ಎಷ್ಟು ದಿನ ಬೇಕು ಎಂದು ಕೇಳಿದ್ದಳು. ನುರ್ಝಾತ್ ಎಲ್ಲರಿಗೂ ಹೇಳುವುದನ್ನೇ ಹೇಳಿದಳು. ಮೊದಲ ಸ್ಥಾನ ಕೊಡಿಸುತ್ತೇನೆ ಅಂದವರು ಸುಳ್ಳು ಹೇಳುತ್ತಾರೆ, ಅದು ಯಾರ ಕೈಯಲ್ಲೂ ಇಲ್ಲ. ದೊಡ್ಡ ಹೋಟೆಲುಗಳು, ಕೋಣೆ ಕಾದಿರಿಸುವ ಕಂಪನಿಗಳು ಅಲ್ಲಿ ಹತ್ತು ವರ್ಷದಿಂದ ಬೇರು ಬಿಟ್ಟು ಕೂತಿವೆ. ಐದು ಕೋಣೆಗೆ ಇಡೀ ಲೋಕ ಯಾಕೆ ಬೇಕು? ಬಸ್ ನಿಲ್ದಾಣದ ಹತ್ತಿರ ಮನೆಯೂಟ ಸಿಗುವ ಜಾಗ ಹುಡುಕುವ ನಲವತ್ತು ಜನರಿಗೆ ನೀವು ಕಂಡರೆ ಸಾಕು. ವಿಳಾಸ ಸರಿಯಾಗಿರಲಿ, ಫೋಟೋ ನಿಮ್ಮವೇ ಇರಲಿ, ಹೊರಡುವ ಪ್ರತಿ ಅತಿಥಿಯ ಹತ್ತಿರ ಎರಡು ಮಾತು ಬರೆಸಿಕೊಳ್ಳಿ. ಎಂಟು ತಿಂಗಳೋ ಒಂದು ವರ್ಷವೋ ಆದ ಮೇಲೆ ಮೂರನೆಯದೋ ನಾಲ್ಕನೆಯದೋ ಸಾಲಿಗೆ ಬರಬಹುದು. ಅದೂ ಬಂದರೆ.

"ಒಂದು ವರ್ಷನಾ? ಅಷ್ಟರಲ್ಲಿ ನನ್ನ ಕುರಿ ಎರಡು ಸಲ ಈಯತ್ತೆ," ಎಂದು ಬುರುಲ್ಕನ್ ಚೀಲ ಎತ್ತಿಕೊಂಡು ಎದ್ದಿದ್ದಳು. ಸತ್ಯಕ್ಕೆ ದಿನ ಹೆಚ್ಚು ಬೇಕಾಗುತ್ತದೆ, ಅದಕ್ಕೇ ಸತ್ಯ ಹೇಳುವವರ ಅಂಗಡಿ ಖಾಲಿ ಹೊಡೆಯುತ್ತದೆ.

ಎದ್ದವಳು ನೇರವಾಗಿ ಹೋದದ್ದು ಮಾರ್ಸೆಲ್‌ನ ಹತ್ತಿರ. ಇಪ್ಪತ್ತೆಂಟು ವರ್ಷದ ಹುಡುಗ, ಮಿಂಚುವ ಬೂಟು, ಮೂಗಿಗೆ ತುಪ್ಪ ಸವರುವುದರಲ್ಲಿ ನಿಸ್ಸೀಮ. ನಲವತ್ತು ದಿನದಲ್ಲಿ ಮೊದಲ ಸ್ಥಾನ, ಬೇಕಾದರೆ ಬರೆದು ಕೊಡುತ್ತೇನೆ ಅಂದ. ಚಳಿಗಾಲವೆಲ್ಲ ಏನೇನೋ ಸಬೂಬು ಹೇಳಿ ಕಾಯಿಸಿದ. ಮಾರ್ಚ್ ಹೊತ್ತಿಗೆ, ನಾಲ್ಕೇ ವಾರದಲ್ಲಿ, ನಿಜವಾಗಿಯೂ ಮೊದಲ ಸ್ಥಾನಕ್ಕೆ ತಂದು ಕೂರಿಸಿದ. ನುರ್ಝಾತ್‌ಳ ಕೈಗೆ ಬಂದಿದ್ದ ಮೂರು ಗಿರಾಕಿಗಳು ಆ ವಾರವೇ ಅವನ ಬಾಗಿಲಿಗೆ ಹೋದರು.

ಮೊದಲ ಸ್ಥಾನದಿಂದ ಬುರುಲ್ಕನ್‌ಳಿಗೆ ಸಿಕ್ಕಿದ್ದೇನು? ಐದು ಕೋಣೆಗೆ ದಿನಕ್ಕೆ ಅರವತ್ತು ಕರೆ. ಅವಳ ಹತ್ತಿರ ಇಲ್ಲದ ಬಿಸಿನೀರಿನ ಬುಗ್ಗೆ ಕೇಳುವವರು, ಹೆಲಿಕಾಪ್ಟರ್ ಇಳಿಯಲು ಜಾಗ ಇದೆಯೇ ಎಂದು ಕೇಳಿದ ಒಬ್ಬ ಪುಣ್ಯಾತ್ಮ, ಕೋಣೆ ಇಲ್ಲ ಅಂದದ್ದಕ್ಕೆ ಬೈದವರು. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಹೊಗಳಿ ಬರೆದವರ ಹೆಸರುಗಳನ್ನು ಬೀದಿಯವರು ಓದಿದರು. ಮೂರು ವರ್ಷದ ಹಿಂದೆ ಮಣ್ಣಾದ ತೊಕ್ತೊಕನ್ ಟೀಚರ್ ಬುರುಲ್ಕನ್ ಮನೆಯ ಹಾಸಿಗೆ ಮೆತ್ತಗಿದೆ ಎಂದು ಬರೆದಿದ್ದರು. ಅಲ್ಲಿಂದ ಮುಂದೆ ಅವಳು ಹಂಚಿದ ಗುರುವಾರದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಕರಕೋಲ್‌ನಲ್ಲಿ ಮುಖಕ್ಕೆ ಉಗಿದರೂ ಅಷ್ಟು ಅವಮಾನವಾಗುವುದಿಲ್ಲ.

ನುರ್ಝಾತ್ ಮೇಜಿನ ಮುಂದೆ ಕೂತು ಹನ್ನೆರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದಳು.

ದುಡ್ಡು ಕೊಟ್ಟು ಬರೆಸಿದ ಅಭಿಪ್ರಾಯಗಳನ್ನು ಅವಳು ಸಾವಿರ ಕಂಡಿದ್ದಳು. ನಿನ್ನೆ ಹುಟ್ಟಿದ ಖಾತೆಗಳು, ಬೇರೆ ದೇಶದ ಹೆಸರುಗಳು, ಅವನ್ನು ವಾರದೊಳಗೆ ನೆಟ್‌ನ ಹುಡುಕಾಟದ ಯಂತ್ರವೇ ಗುಡಿಸಿ ಹಾಕುತ್ತದೆ. ಇವನ್ನು ಗುಡಿಸಲಿಲ್ಲ, ಯಾಕೆಂದರೆ ಇವು ಸುಳ್ಳು ಖಾತೆಗಳೇ ಅಲ್ಲ. ತೊಕ್ತೊಕನ್ ಟೀಚರ್ ಅವರ ಖಾತೆಗೆ ಒಂಬತ್ತು ವರ್ಷ. ಹಲ್ಲಿನ ಡಾಕ್ಟರನ್ನು ಮೆಚ್ಚಿದ್ದರು, ಔಷಧಿ ಅಂಗಡಿಯನ್ನು ಬೈದಿದ್ದರು, ಮೊದಲ ಹಿಮದ ಫೋಟೋ ಹಾಕಿದ್ದರು. ಹನ್ನೊಂದೂ ಇದೇ ಊರಿನಲ್ಲಿ ಬದುಕಿ, ಇದೇ ಬೀದಿಗಳಲ್ಲಿ ಓಡಾಡಿದ ಜೀವಗಳು. ಅಂಥವರ ಮಾತಿಗೆ ಯಂತ್ರದ ಹತ್ತಿರ ಬೆಲೆ ಜಾಸ್ತಿ. ಅವರು ಸತ್ತರು ಎಂದು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

ಹನ್ನೆರಡನೆಯದಕ್ಕೆ ಬಂದಾಗಲೆಲ್ಲ ಅವಳ ಬೆರಳು ತಾನಾಗಿ ಮೇಲಕ್ಕೆ ಸರಿಯುತ್ತಿತ್ತು. ಹಾಗೆ ಮೇಲೆ ಕೆಳಗೆ ಓಡಾಡುವಾಗಲೇ ಅದು ಕಣ್ಣಿಗೆ ಬಿದ್ದದ್ದು. ತೊಕ್ತೊಕನ್, ಗುಲ್ಸಾರಾ, ಬೂಸಾಯ್ರಾ, ಉಮ್ಸುನಾಯ್. ಹನ್ನೆರಡರಲ್ಲಿ ಒಬ್ಬನೇ ಒಬ್ಬ ಗಂಡಸಿಲ್ಲ.

ಗಂಡಸರೇನು ಕರಕೋಲ್‌ನಲ್ಲಿ ಸಾಯುವುದೇ ಇಲ್ಲವೇ?

ಹೆಂಗಸರ ಹೆಣ ಮುಟ್ಟುವವರು ಹೆಂಗಸರೇ. ಅವರೇ ತೊಳೆಯುತ್ತಾರೆ, ಅವರೇ ಬಿಳಿ ಬಟ್ಟೆ ಸುತ್ತುತ್ತಾರೆ. ತೊಳೆದವರಿಗೆ ಸತ್ತವಳ ಬಟ್ಟೆಗಳನ್ನು ಕೊಟ್ಟು ಕಳಿಸುವುದು ರೂಢಿ. ಈ ಭಾಗದಲ್ಲಿ ಮೂವತ್ತು ವರ್ಷದಿಂದ ಅದಕ್ಕೆ ಮುಂದೆ ನಿಲ್ಲುವವಳು ಒಬ್ಬಳೇ, ಜೂರಾಕನ್ ಅಜ್ಜಿ. ಅನಾರ್ಕುಲ್‌ಳನ್ನು ತೊಳೆದದ್ದೂ ಅವಳೇ.

ಅಕ್ಕನ ಕೋಟು ನುರ್ಝಾತ್‌ಳಿಗೆ ನೆನಪಾಯಿತು. ಆಸ್ಪತ್ರೆಯಿಂದ ಚೀಲದಲ್ಲಿ ಬಂದಿದ್ದ ಆ ದಪ್ಪ ಕೋಟನ್ನು ಅವಳೇ ಎರಡು ಕೈಯಲ್ಲಿ ಹಿಡಿದು ಅಜ್ಜಿಯ ಮಡಿಲಿಗೆ ಇಟ್ಟಿದ್ದಳು. ಜೇಬು ನೋಡಿರಲಿಲ್ಲ. ಕೊಡುವ ಬಟ್ಟೆಯ ಜೇಬು ತಡಕುವುದನ್ನು ಯಾರಾದರೂ ಕಂಡರೆ, ಸತ್ತವರ ಹೆಸರಲ್ಲೂ ಜಿಪುಣತನ ಮಾಡಿದಳು ಎಂದು ಊರು ಆಡಿಕೊಳ್ಳುತ್ತದೆ. ಅವಳು ನೋಡಲಿಲ್ಲ. ಉಳಿದ ಹನ್ನೊಂದು ಮನೆಯವರೂ ನೋಡಿರಲಿಕ್ಕಿಲ್ಲ.

ಅವಳು ಎದ್ದಳು. ಬೇಗ ಬಂದುಬಿಡುತ್ತೇನೆ ಎಂದು ಬುರುಲ್ಕನ್‌ಳಿಗೆ ಹೇಳಿದಳು. ಬುರುಲ್ಕನ್ ತಲೆ ಮಾತ್ರ ಆಡಿಸಿದಳು, ಸುಟ್ಟ ರೊಟ್ಟಿಯನ್ನು ಚಾಕುವಿನಿಂದ ಕೆರೆಯುತ್ತ.

*

ಹೊರಗೆ ಕಲ್ಲಿದ್ದಲ ಹೊಗೆಯೂ ಮಂಜೂ ಬೆರೆತು ಎರಡು ಮನೆಯಾಚೆ ಏನೂ ಕಾಣುತ್ತಿರಲಿಲ್ಲ. ಬೀದಿಯ ಎರಡೂ ಕಡೆಯಿಂದ ಕರಿದ ಹಿಟ್ಟಿನ ವಾಸನೆ ಬರುತ್ತಿತ್ತು. ಪ್ರತಿ ಗುರುವಾರ ಇಷ್ಟಪಡುತ್ತಿದ್ದ ಆ ವಾಸನೆ ಬೇಡವಾಗಿ ಇವತ್ತು ಅವಳು ಹೆಜ್ಜೆ ಚುರುಕು ಮಾಡಿದಳು. ಅದನ್ನು ಮೂಸುತ್ತ ಇನ್ನೂ ಯಾರೋ ತನ್ನ ಜೊತೆಗೇ ನಡೆಯುತ್ತಿದ್ದಾರೆ ಅನ್ನಿಸಿ ಎರಡು ಸಲ ಹಿಂದಿರುಗಿ ನೋಡಿದಳು.

ಜೂರಾಕನ್ ಅಜ್ಜಿಯ ಬಾಗಿಲು ತೆರೆದೇ ಇತ್ತು. ಹೊಸಿಲು ದಾಟಿ ಕರೆದಳು, ಯಾರೂ ಓಗೊಡಲಿಲ್ಲ. ಒಳಗಿನಿಂದ ಮೆಲ್ಲಗೆ ಓದುವ ದನಿ ಕೇಳಿಸಿತು. ಪ್ರಾರ್ಥನೆ ಇರಬೇಕೆಂದು ಬೂಟು ಬಿಚ್ಚಿ, ಶಬ್ದ ಮಾಡದೆ ಒಳಕೋಣೆಗೆ ಬಂದಳು.

ಪ್ರಾರ್ಥನೆಯಲ್ಲ.

ಗಿಡ್ಡ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ನಡುವೆ ತಟ್ಟೆಯಲ್ಲಿ ಏಳು ರೊಟ್ಟಿ. ಸುತ್ತ, ಊಟಕ್ಕೆ ಕೂತವರ ಹಾಗೆ, ಫೋನುಗಳು. ಒಂದೊಂದಕ್ಕೂ ಚಾರ್ಜಿನ ವೈರು. ಒಂದೊಂದರ ಪರದೆಯಲ್ಲೂ ಮೊಮ್ಮಕ್ಕಳು, ಹೂವು, ಮದುವೆಯ ಫೋಟೋ. ಅಜ್ಜಿ ಕನ್ನಡಕ ಏರಿಸಿಕೊಂಡು ಒಂದು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದಳು.

"ನಿನ್ನ ಮಗ ಬರೆದಿದ್ದಾನೆ ಗುಲ್ಸಾರಾ. ಹೆಣ್ಣು ಮಗು ಆಯ್ತಂತೆ. ನಿನ್ನ ಹೆಸರೇ ಇಡ್ತಾರಂತೆ."

ನುರ್ಝಾತ್‌ಳ ಕಾಲು ಬಾಗಿಲಲ್ಲೇ ನಿಂತಿತು. ನಿಂತಲ್ಲೇ ಎಣಿಸಿದಳು. ಹನ್ನೊಂದು. ಮತ್ತೆ ಎಣಿಸಿದಳು. ಹನ್ನೊಂದೇ.

ಅಜ್ಜಿ ತಲೆ ಎತ್ತಿದಳು. ಹೆದರಲಿಲ್ಲ, ಮುಚ್ಚಿಡಲೂ ಇಲ್ಲ. ಬಾ ಮಗಳೇ, ಕೂತ್ಕೋ ಎಂದು ಚಹಾದ ಬಟ್ಟಲು ತಳ್ಳಿದಳು. ಕೇಳುವ ಮೊದಲೇ ಹೇಳಿದಳು. ಕೊಟ್ಟ ಬಟ್ಟೆಗಳ ಜೇಬಿನಲ್ಲಿ ಇವು ಬಂದವು. ಹಿಂದಿರುಗಿಸಲು ಹೋದರೆ ಮನೆಯವರು ಬೇಡ ಅಂದರು, ನೋಡಿದರೆ ಕರುಳು ಕಿತ್ತು ಬರುತ್ತದೆ, ನೀವೇ ಇಟ್ಟುಕೊಳ್ಳಿ ಅಂದರು. ಮಾರಲು ಅವಳಿಗೆ ಮನಸ್ಸು ಬರಲಿಲ್ಲ. ಮಕ್ಕಳು ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಇನ್ನೂ ಬರೆಯುತ್ತಿದ್ದರು. ಓದುವವರಿಲ್ಲದೆ ಅವು ಬಿದ್ದಿರುವುದು ಸರಿಯೇ? ಅದಕ್ಕೇ ಗುರುವಾರ ಚಾರ್ಜು ಹಾಕಿ ಓದಿ ಹೇಳುತ್ತಾಳೆ. ಉತ್ತರ ಮಾತ್ರ ಯಾವತ್ತೂ ಬರೆದಿಲ್ಲ. ಆ ಕಾಲದ ಹೆಂಗಸರು, ಫೋನಿಗೆ ಬೀಗ ಹಾಕುವ ಅಭ್ಯಾಸ ಅವರಿಗಿರಲಿಲ್ಲ.

"ನೆಟ್ ಹಾಕಿಸಿಕೊಟ್ಟಿದ್ದು ಯಾರು ಅಪಾ?" ನುರ್ಝಾತ್ ಕೇಳಿದಳು. ಹಿರಿಯ ಹೆಂಗಸರನ್ನು ಈ ಊರಿನಲ್ಲಿ ಅಪಾ ಎಂದೇ ಕರೆಯುವುದು.

"ನನ್ನ ತಂಗಿ ಮೊಮ್ಮಗ. ಪಾಪ, ಈ ತಿಂಗಳೆಲ್ಲ ಪ್ರತಿ ವಾರ ಬಂದು ಸರಿಮಾಡಿ ಹೋಗ್ತಾನೆ. ಒಳಗಿದ್ದಾನೆ ನೋಡು."

ಒಳಗಿದ್ದವನು ಅಷ್ಟರಲ್ಲಿ ಹಿಂಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದ. ಬೂಟು ಹೊರಗೆ ಬಿಟ್ಟಿದ್ದರಿಂದ ಕಾಲುಚೀಲದಲ್ಲೇ ಹಿಮಕ್ಕೆ ಇಳಿಯಬೇಕಾಗಿತ್ತು, ಅದಕ್ಕೆ ಧೈರ್ಯ ಸಾಲದೆ ನಿಂತಿದ್ದ. ಮಿಂಚುವ ಬೂಟಿನ ಮಾರ್ಸೆಲ್.

"ನಾನು ಸುಳ್ಳು ಖಾತೆ ಒಂದೂ ಮಾಡಿಲ್ಲ ಎಜೆ," ಎಂದು ಅವನು, ಅಕ್ಕನನ್ನು ಕರೆಯುವಂತೆ ಎಜೆ ಎನ್ನುತ್ತ, ಮೊದಲೇ ಶುರುಮಾಡಿದ. "ಎಲ್ಲಾ ಅಸಲಿ. ಊರಿನವರೇ."

"ಊರಿನವರೇ, ಬರೀ ಊರಾಚೆ ಮಲಗಿದ್ದಾರೆ," ಅಂದಳು ನುರ್ಝಾತ್.

ಅವನು ನಗಲು ನೋಡಿದ, ಆಗಲಿಲ್ಲ. ನಲವತ್ತು ದಿನ ಎಂದು ಬಾಯಿ ಬಿಟ್ಟಾಗಿತ್ತು, ಐದು ತಿಂಗಳಾದರೂ ಮನೆ ಮೂರನೆಯ ಪುಟದಿಂದ ಅಲ್ಲಾಡಲಿಲ್ಲ, ಬುರುಲ್ಕನ್ ದಿನಾ ಬಂದು ಬೈಯುತ್ತಿದ್ದಳು, ಒಂದು ಗುರುವಾರ ಇಲ್ಲಿ ಚಹಾಕ್ಕೆ ಬಂದವನಿಗೆ ಮೇಜು ಕಂಡಿತು. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು, ಯಾಕೆಂದರೆ ಅಜ್ಜಿ ಎದ್ದು ನಿಂತಿದ್ದಳು.

"ನಾನು ಅವರಿಗೆ ಓದಿ ಹೇಳ್ತಿದ್ದೆ," ಅಂದಳು ಜೂರಾಕನ್. "ನೀನು ಅವರ ಬಾಯಲ್ಲಿ ಮಾತಾಡಿದ್ಯಾ?"

ಮಾರ್ಸೆಲ್ ತಲೆ ತಗ್ಗಿಸಿದ. ಅಜ್ಜಿ ಹನ್ನೊಂದು ವೈರುಗಳನ್ನೂ ಒಂದೊಂದಾಗಿ ಕಿತ್ತಳು. ಪರದೆಗಳು ಒಂದೊಂದಾಗಿ ಆರಿದವು. ನುರ್ಝಾತ್‌ಳಿಗೆ ಅದನ್ನು ನೋಡಲಾಗಲಿಲ್ಲ.

ತನ್ನ ಫೋನಿನಲ್ಲಿ ಹನ್ನೆರಡನೆಯ ಅಭಿಪ್ರಾಯ ತೆಗೆದು ಮಾರ್ಸೆಲ್‌ನ ಮುಖಕ್ಕೆ ಹಿಡಿದು, ಇದನ್ನು ಯಾವ ಫೋನಿನಿಂದ ಬರೆದೆ ಎಂದು ಕೇಳಿದಳು. ಅವನು ಓದಿದ. ಮತ್ತೆ ಓದಿದ. ಅವನ ಮುಖದಲ್ಲಿ ಕಳ್ಳತನ ಹೋಗಿ ಬೇರೇನೋ ಬಂತು.

"ಇದು ನಂದಲ್ಲ ಎಜೆ. ಕಾಸು ಕೊಟ್ಟವರಿಗೆ ಒಂದು ನಕ್ಷತ್ರ ಹಾಕೋಕೆ ನಂಗೇನು ಹುಚ್ಚಾ? ನಾನು ಬರೆದಿದ್ದು ನೋಡಿ. ಒಂದೊಂದರಲ್ಲೂ ಊರಿನ ಹೆಸರು ಇದೆ, ಬಿಸಿನೀರು ಅಂತಿದೆ, ಮನೆಯೂಟ ಅಂತಿದೆ. ಜನ ಹುಡುಕೋ ಮಾತೇ ಹಾಕಿದ್ದೀನಿ. ಇದರಲ್ಲಿ ಏನಿದೆ? ಇದನ್ನ ಬರೆದವರಿಗೆ ಯಾರೂ ಹುಡುಕಿ ಬರೋದು ಬೇಕಾಗಿಲ್ಲ."

ಅವನ ಮಾತು ಸರಿಯಾಗಿತ್ತು. ಕ್ಷಣದ ಸಂತೋಷ, ಆಮೇಲಿನ ಭಯ ಎರಡರ ಗದ್ದಲದಲ್ಲಿ ಅವಳೇ ಅದನ್ನು ಗಮನಿಸಿರಲಿಲ್ಲ. ಆ ಎರಡು ಮಾತು ಯಂತ್ರಕ್ಕಾಗಿ ಬರೆದದ್ದಲ್ಲ. ಒಬ್ಬರೇ ಒಬ್ಬರು ಓದಲಿ ಎಂದು ಬರೆದದ್ದು.

"ಅಪಾ," ನುರ್ಝಾತ್ ಅಜ್ಜಿಯ ಕಡೆ ತಿರುಗಿದಳು. "ನಮ್ಮಕ್ಕನ ಕೋಟಿನಲ್ಲಿ ಫೋನ್ ಇತ್ತಾ?"

"ಇರಲಿಲ್ಲ."

"ಸರಿಯಾಗಿ ನೆನಪಿದ್ಯಾ?"

"ಅವಳದ್ದು ಎಲ್ಲಾ ನೆನಪಿದೆ," ಅಂದಳು ಅಜ್ಜಿ. ಅಂದವಳು ತುಟಿ ಬಿಗಿದುಕೊಂಡಳು, ಬಾಯಿಂದ ಒಂದು ಮಾತು ಹೆಚ್ಚಾಗಿ ಜಾರಿತು ಅನ್ನುವ ಹಾಗೆ.

ನುರ್ಝಾತ್ ಅದನ್ನು ಬಿಡಲಿಲ್ಲ. ಎಲ್ಲಾ ಅಂದರೆ ಏನು ಎಂದು ಕೇಳಿದಳು. ಅಜ್ಜಿ ರೊಟ್ಟಿಯ ತಟ್ಟೆಯನ್ನು ಸರಿಸಿದಳು, ಬಟ್ಟೆಯ ಅಂಚು ಮಡಿಸಿದಳು. ಕೇಳಬಾರದ್ದನ್ನು ಕೇಳಬೇಡ ಅಂದಳು.

"ತೊಳೆಯೋವಾಗ ಕಂಡಿದ್ದು ಆ ನೀರಿನ ಜೊತೆಗೇ ಹೋಗಬೇಕು ಮಗಳೇ. ನಾನು ಇವತ್ತು ಅವಳದ್ದು ಆಡಿದ್ರೆ, ನಾಳೆ ನನ್ನ ತೊಳೆಯೋರು ನಂದು ಆಡ್ತಾರೆ. ಮೂವತ್ತು ವರ್ಷದಲ್ಲಿ ನಾನು ಒಬ್ಬರದ್ದೂ ಆಡಿಲ್ಲ."

"ಪೊಲೀಸರು ಕೇಳಿದಾಗ್ಲೂ?"

"ಅವರು ನನ್ನನ್ನ ಕೇಳ್ಲೇ ಇಲ್ಲ."

ನುರ್ಝಾತ್‌ಳಿಗೆ ಸಿಟ್ಟು ಉಕ್ಕಿ ಬಂತು. ಹದಿನಾಲ್ಕು ತಿಂಗಳು ಅವಳು ಕದ ತಟ್ಟದ ಕಚೇರಿ ಇರಲಿಲ್ಲ, ಕೇಳದ ಮನುಷ್ಯನಿರಲಿಲ್ಲ. ಅಕ್ಕನ ಮೈಯನ್ನು ಕೊನೆಯ ಸಲ ಕಂಡವಳನ್ನು ಕೇಳಲು ಮಾತ್ರ ಅವಳಿಗೂ ಹೊಳೆದಿರಲಿಲ್ಲ, ಅಜ್ಜಿ ನಾಲ್ಕು ಬೀದಿಯಾಚೆ ಚಹಾ ಕುಡಿಯುತ್ತ ಕೂತಿದ್ದಳು. ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು.

"ನೀವು ಆಡಲ್ಲ. ಆದ್ರೆ ಯಾರೋ ಅವಳ ಬಾಯಲ್ಲಿ ಆಡ್ತಾ ಇದ್ದಾರೆ ಅಪಾ. ಓದಿ."

ಅಜ್ಜಿ ಕನ್ನಡಕ ಏರಿಸಿದಳು. ಎರಡು ಮಾತು ಓದಲು ಎಷ್ಟು ಹೊತ್ತು ಬೇಕು? ಅವಳು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಫೋನನ್ನು ಬಟ್ಟೆಯ ಮೇಲೆ ಬೋರಲು ಇಟ್ಟಳು.

"ಇದು ಅವರಿಗೆ ಹೆಂಗೆ ಗೊತ್ತಾಯ್ತು?" ಅಂದಳು.

"ಯಾವುದು?"

ಜೂರಾಕನ್ ತನ್ನ ಬಲಗೈಯನ್ನು ಮುಷ್ಟಿ ಮಾಡಿ ಮೇಜಿನ ಮೇಲಿಟ್ಟಳು. ಗೆಣ್ಣುಗಳ ಮೇಲೆ ಎಡಗೈ ಬೆರಳಿನಿಂದ ಒಂದೊಂದಾಗಿ ಮುಟ್ಟಿ ತೋರಿಸಿದಳು.

"ಇಲ್ಲೆಲ್ಲ ಒಡೆದಿತ್ತು. ಚರ್ಮ ಇರಲಿಲ್ಲ. ಬಿದ್ದವಳಿಗೆ ಅಂಗೈ ತರಚುತ್ತೆ ಮಗಳೇ, ಮೊಣಕಾಲು ತರಚುತ್ತೆ. ಅವಳ ಅಂಗೈ ಹೂವಿನ ಹಂಗಿತ್ತು. ಗೆಣ್ಣಲ್ಲಿ ನೀಲಿ ಬಣ್ಣದ ಚೂರು ಹೊಕ್ಕೊಂಡಿತ್ತು. ನಾನೇ ಸೂಜಿಯಲ್ಲಿ ತೆಗೆದೆ, ಹಂಗೇ ಕಳಿಸೋಕೆ ಮನಸ್ಸಾಗ್ಲಿಲ್ಲ. ತುಂಬಾ ಹೊತ್ತು ತಟ್ಟಿದ್ದಾಳೆ."

ನುರ್ಝಾತ್ ತನ್ನ ಕೈಯನ್ನೇ ನೋಡಿಕೊಂಡಳು. ಅಕ್ಕ ದಾರಿ ತಪ್ಪಿರಲಿಲ್ಲ. ಗಾಳಿ ಎದ್ದಾಗ ಬುದ್ಧಿವಂತೆಯ ಹಾಗೆ ಹತ್ತಿರದ ಮನೆಗೆ ಹೋಗಿದ್ದಳು. ಬಾಗಿಲಿಗೆ ಬಂದವರು ದೇವರು ಕಳಿಸಿದ ಅತಿಥಿ, ವೈರಿಯಾದರೂ ಒಳಗೆ ಕರೆದು ಬಿಸಿ ಚಹಾ ಕೊಡಬೇಕು ಅನ್ನುವ ಜನ ಇವರು. ಆ ಜನರ ನಡುವೆ, ಹಗಲು ಹೊತ್ತಿನಲ್ಲಿ, ಒಬ್ಬ ನರ್ಸ್ ಗೆಣ್ಣು ಒಡೆಯುವ ತನಕ ತಟ್ಟಿದ್ದಳು. ಒಳಗಿನವರಿಗೆ ಕೇಳಿಸದೆ ಇದ್ದಿರಲು ಸಾಧ್ಯವಿಲ್ಲ. ನುರ್ಝಾತ್‌ಳಿಗೆ ಕಣ್ಣೀರು ಬಂತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

ಆದರೆ ಕರಕೋಲ್‌ನ ಅರ್ಧ ಬಾಗಿಲುಗಳು ನೀಲಿ. ಅಜ್ಜಿಯ ಬಾಗಿಲೂ ನೀಲಿ, ನುರ್ಝಾತ್‌ಳ ಮನೆಯದೂ ನೀಲಿ. ತಟ್ಟಿದ್ದು ಗೊತ್ತಿರುವವರು ಮೂವರೇ. ತಟ್ಟಿದವಳು, ತೆಗೆಯದವರು, ತೊಳೆದವಳು. ತೊಳೆದವಳು ಬರೆದಿಲ್ಲ. ತಟ್ಟಿದವಳು ಮಣ್ಣಿನಲ್ಲಿದ್ದಾಳೆ. ಹಾಗೆ ಅಂದುಕೊಳ್ಳುವಾಗ ಇನ್ನೊಬ್ಬರು ಇದ್ದಿರಬಹುದು, ಆಚೆ ನಿಂತು ನೋಡಿದವರು, ಬಿದ್ದ ಫೋನನ್ನು ಎತ್ತಿಕೊಂಡವರು ಎಂದು ಅವಳಿಗೆ ಹೊಳೆಯಿತು. ಹೊಳೆದದ್ದು ಸಮಾಧಾನ ಕೊಡಲಿಲ್ಲ.

ಮಾರ್ಸೆಲ್‌ನ ಜೇಬಿನಲ್ಲಿ ಫೋನ್ ಟಿಣ್ ಎಂದಿತು.

ಅವನು ತೆಗೆದು ನೋಡಿದ. ಬುರುಲ್ಕನ್‌ಳ ಪುಟದಲ್ಲಿ ಏನಾದರೂ ಆದರೆ ಅವನಿಗೆ ಸುದ್ದಿ ಬರುತ್ತದೆ.

"ಆ ಒಂದು ನಕ್ಷತ್ರಕ್ಕೆ ಮಾಲೀಕರು ಉತ್ತರ ಬರೆದಿದ್ದಾರೆ," ಅಂದ. "ನಾನಲ್ಲ ಎಜೆ, ನೋಡ್ತಾ ಇದ್ದೀರಲ್ಲ. ನನ್ನ ಬಿಟ್ಟರೆ ಅಲ್ಲಿ ಬರೆಯೋಕಾಗೋದು ಬುರುಲ್ಕನ್ ಎಜೆಗೆ ಮಾತ್ರ."

ನುರ್ಝಾತ್ ಫೋನ್ ಹಿಡಿದಿದ್ದ ಅವನ ಕೈಯನ್ನೇ ತನ್ನ ಕಡೆಗೆ ಎಳೆದುಕೊಂಡಳು.

'ಕ್ಷಮಿಸು ತಂಗೀ. ಆವತ್ತು ನೀನು ತಟ್ಟಿದ್ದು ನನಗೆ ಕೇಳಿಸಿತ್ತು. ತೆಗೆಯಬೇಡ ಅಂದರು, ತೆಗೆಯಲಿಲ್ಲ. ನನ್ನ ಕೈಯಾರೆ ತೆಗೆಯಬೇಕಿತ್ತು.'

ಅವಳು ಅದನ್ನು ಮೂರು ಸಲ ಓದಿದಳು. ಒಂದು ಗಂಟೆಯ ಹಿಂದೆ ಬುರುಲ್ಕನ್‌ಳ ಅಡುಗೆಮನೆಯಲ್ಲಿ ಅವಳು ಒಲೆ ಆರಿಸಿ ಬಂದಿದ್ದಳು. ಆ ಹೆಸರಿನವರು ಗೊತ್ತಿಲ್ಲ ಅಂದಿದ್ದವಳು ಇದೇ ಹೆಂಗಸು. ತೆಗೆಯಬೇಡ ಅಂದವರು ಯಾರು? ಐದು ವರ್ಷದಿಂದ ಆ ಮನೆಯಲ್ಲಿ ಬುರುಲ್ಕನ್ ಒಬ್ಬಳೇ ಇರುವುದು, ಅತಿಥಿಗಳನ್ನು ಬಿಟ್ಟರೆ. ಹಿಮಗಾಳಿಯ ಆ ಜನವರಿಯಲ್ಲಿ ಅಲ್ಲಿ ಉಳಿದಿದ್ದ ಅತಿಥಿ ಯಾರು?

ಬುರುಲ್ಕನ್‌ಳಿಗೆ ಕರೆ ಮಾಡಿದಳು. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಮತ್ತೆ ಮಾಡಿದಳು. ಈ ಸಲ ಗಂಟೆ ಎರಡು ಬಾರಿ ಹೊಡೆಯುವಷ್ಟರಲ್ಲೇ ಯಾರೋ ಕರೆ ಕತ್ತರಿಸಿದರು.

ಅವಳು ಬೂಟಿಗೆ ಕಾಲು ತುರುಕುತ್ತಿದ್ದಾಗ ಒಳಗಿನಿಂದ ಮಾರ್ಸೆಲ್ ಕರೆದ. ಅವನ ದನಿ ಗುರುತು ಸಿಗದಷ್ಟು ಬದಲಾಗಿತ್ತು.

"ಎಜೆ, ನಿಲ್ಲಿ. ಅಕ್ಕನ ಖಾತೆಯಿಂದ ಯಾರೋ ಅದನ್ನ ತಿದ್ದುತಾ ಇದ್ದಾರೆ."

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಬಿಳಿ ಟೋಪಿಯ ಅನಾರ್ಕುಲ್ ಹಾಗೆಯೇ ನಗುತ್ತಿದ್ದಳು. ಪಕ್ಕದಲ್ಲಿದ್ದ ಒಂದು ನಕ್ಷತ್ರ ಐದಾಗಿತ್ತು. ಹಳೆಯ ಎರಡು ಮಾತು ಇರಲಿಲ್ಲ. ಆ ಜಾಗದಲ್ಲಿ ಹೊಸದು ಬಂದಿತ್ತು.

'ಇವತ್ತು ಬಾಗಿಲು ತೆಗೆದರು.'